ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಸೇರುವವರು ಏನು ಓದಬೇಕು?

ತುಮಕೂರಿನಲ್ಲಿ ಎಂಎಸ್ಸಿ ಮುಗಿಸಿ ಸಂಶೋಧನೆಗೆ ಸೇರುತ್ತಿದ್ದೇನೆ, ಯಾವ ಪುಸ್ತಕಗಳು ಬೇಕು ಎಂದು ಕೇಳಿದ್ದೀರಿ.

ರಿಯಾಕ್ಷನ್ ಹೇಗೆ ನಡೆಯುತ್ತದೆ ಎಂದು ತಿಳಿಯಲು ಕ್ಲೇಡನ್ ಪುಸ್ತಕ ಇದೆ. ಲ್ಯಾಬಿನ ಕೈಕೆಲಸಕ್ಕೆ ವೋಗೆಲ್ ಪುಸ್ತಕ, ಸಾಲ್ವೆಂಟ್ (ದ್ರಾವಕ) ಶುದ್ಧ ಮಾಡಲು ಆರ್ಮರೆಗೊ ಪುಸ್ತಕ. ಇವನ್ನು ಲೈಬ್ರರಿಯಿಂದ ತಂದರೆ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ‘ಆರ್ಗ್ಯಾನಿಕ್ ಸಿಂಥೆಸೀಸ್’ ಎಂಬ ಜರ್ನಲ್. 1921ರಿಂದ ಬರುತ್ತಿದೆ, ಆನ್‌ಲೈನ್‌ನಲ್ಲಿ ಉಚಿತ. ಅಲ್ಲಿನ ಪ್ರತಿ ವಿಧಾನವನ್ನೂ ಪ್ರಕಟಿಸುವ ಮೊದಲು ಸಂಪಾದಕರಲ್ಲೊಬ್ಬರ ಲ್ಯಾಬಿನಲ್ಲಿ ಮತ್ತೆ ಮಾಡಿ ನೋಡುತ್ತಾರೆ. ಬೇರೆ ಹೆಚ್ಚಿನ ಜರ್ನಲ್‌ಗಳಲ್ಲಿ ಈ ಭರವಸೆ ಸಿಗುವುದಿಲ್ಲ ಅಲ್ವಾ? ಪ್ರತಿ ವಿಧಾನದ ಕೆಳಗಿರುವ ಟಿಪ್ಪಣಿಗಳನ್ನು ಬಿಡದೆ ಓದಿ. ಯಾವ ರಾಸಾಯನಿಕ ಎಲ್ಲಿಂದ ತಂದರು, ಏನು ಅಪಾಯ, ಎಲ್ಲವೂ ಅಲ್ಲಿರುತ್ತದೆ. ನೋಟ್‌ಬುಕ್ ಬರೆಯುವುದನ್ನೂ ಅದನ್ನು ನೋಡಿಯೇ ಕಲಿಯಬಹುದು.

ಇನ್ನೊಂದು, 1997ರಲ್ಲಿ ‘ಜರ್ನಲ್ ಆಫ್ ಆರ್ಗ್ಯಾನಿಕ್ ಕೆಮಿಸ್ಟ್ರಿ’ಯಲ್ಲಿ ಬಂದ ಗಾಟ್ಲೀಬ್ ಮತ್ತು ಸಂಗಡಿಗರ ಎನ್‌ಎಂಆರ್ (ಅಣುವಿನ ರಚನೆ ತಿಳಿಸುವ ಪರೀಕ್ಷೆ) ಪಟ್ಟಿ. ಸ್ಯಾಂಪಲ್‌ನಲ್ಲಿ ಉಳಿದ ಸಾಲ್ವೆಂಟ್‌ಗಳ ಪೀಕ್‌ಗಳು (ಗ್ರಾಫಿನ ಏರುಗಳು) ಪಿಪಿಎಂ ಅಳತೆಯಲ್ಲಿ ಎಲ್ಲೆಲ್ಲಿ ಬರುತ್ತವೆ ಎಂದು ಅದರಲ್ಲಿದೆ. ಪ್ರಿಂಟ್ ತೆಗೆದು ಬೆಂಚಿನ ಹತ್ತಿರ ಅಂಟಿಸಿ. ಡ್ಯುಟೇರೇಟೆಡ್ ಕ್ಲೋರೋಫಾರ್ಮ್‌ನಲ್ಲಿ (ಹೈಡ್ರೋಜನ್ ಬದಲು ಡ್ಯುಟೇರಿಯಂ ಇರುವ ಕ್ಲೋರೋಫಾರ್ಮ್) ತೆಗೆದ ಪ್ರೋಟಾನ್ ಎನ್‌ಎಂಆರ್‌ನಲ್ಲಿ 1.26, 2.05, 4.12 ಪಿಪಿಎಂ ಮೂರೂ ಒಟ್ಟಿಗೆ ಕಂಡರೆ, ಸ್ಯಾಂಪಲ್ ಶುದ್ಧ ಮಾಡುವ ಕಾಲಮ್‌ನಿಂದ ಉಳಿದ ಈಥೈಲ್ ಅಸಿಟೇಟ್ ಎಂಬ ಸಾಲ್ವೆಂಟ್ ಇರಬಹುದು. ಅದು ಆವಿಯಾಗಿ ಹೋಗಲು ಸ್ಯಾಂಪಲ್ ಇನ್ನಷ್ಟು ಹೊತ್ತು ವ್ಯಾಕ್ಯೂಮ್‌ನಲ್ಲಿಡಿ.