ತಾಯಿ ಮತ್ತು ನವಜಾತ ಶಿಶುವಿನ ಆರೋಗ್ಯ ಸುಧಾರಣೆಯಲ್ಲಿ ಸೂಲಗಿತ್ತಿಯರ ಪಾತ್ರವೇನು?

ತರಬೇತಿ ಪಡೆದ ಸೂಲಗಿತ್ತಿಯರ ಕೆಲಸ ಹೆರಿಗೆ ಮಾಡಿಸುವುದಕ್ಕಷ್ಟೇ ಸೀಮಿತವಲ್ಲ. ಗರ್ಭಿಣಿಯ ರಕ್ತದೊತ್ತಡ, ರಕ್ತಹೀನತೆ, ಭ್ರೂಣದ ಬೆಳವಣಿಗೆಗಳನ್ನು ತಿಂಗಳುಗಟ್ಟಲೆ ಗಮನಿಸುತ್ತ ಬರುವ ಅವರು, ಅಪಾಯದ ಸುಳಿವು ಕಂಡೊಡನೆ ತಜ್ಞ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಆದರೆ ಅವರ ಕೌಶಲ ಅತಿ ಹೆಚ್ಚು ಜೀವ ಉಳಿಸುವುದು ಮಗು ಹೊರಬಂದ ಕೆಲವೇ ನಿಮಿಷಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಅತಿಯಾದ ರಕ್ತಸ್ರಾವವನ್ನು ತಡೆಯಲು ತಾಯಿಗೆ ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಎಂಬ ಔಷಧವನ್ನು 10 ಯೂನಿಟ್ ಕೊಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ, ಉಸಿರಾಟ ಸರಿಯಿದ್ದರೆ 1ರಿಂದ 3 ನಿಮಿಷ ಕಾದು ಹೊಕ್ಕುಳಬಳ್ಳಿ ಕತ್ತರಿಸುತ್ತಾರೆ, ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ಮಾಸ್ಕ್ ಮೂಲಕ ಗಾಳಿ ನೀಡಲು ತೊಡಗುತ್ತಾರೆ. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಲು ನೆರವಾಗುವವರೂ ಅವರೇ. ಔಷಧ, ಉಪಕರಣ ಮತ್ತು ತುರ್ತಿಗೆ ಒದಗುವ ಆಸ್ಪತ್ರೆಯ ಬೆಂಬಲವಿಲ್ಲದೆ ಇದಾವುದನ್ನೂ ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.