ಐದು ನಿಮಿಷದಲ್ಲಿ ಬಿಗಿಯಾಗುವ ಮುಖ: ಬಿಗಿಯಾಗುವುದು ಯಾವ ಪದರ?

ಪ್ರಶ್ನೆ: ನನಗೆ 47 ವರ್ಷ. ಗೋಣಿಕೊಪ್ಪಲಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತಂಗಿಯ ಮಗಳ ಮದುವೆಗೆಂದು ಚರ್ಮ ಬಿಗಿಗೊಳಿಸುವ ಸೀರಮ್ ತರಿಸಿದ್ದೆ. ಹಚ್ಚಿದ ಐದು ನಿಮಿಷದಲ್ಲೇ ಕಣ್ಣಿನ ಕೆಳಗಿನ ಉಬ್ಬು ಇಳಿದು, ಸಣ್ಣ ಗೆರೆಗಳು ಮಾಯವಾದವು. ಊಟದ ಹೊತ್ತಿಗೆ ನಕ್ಕಾಗಲೆಲ್ಲ ಕಣ್ಣಂಚಿನಿಂದ ಬಿಳಿ ಹುಡಿ ಉದುರತೊಡಗಿತು. ರಾತ್ರಿ ಮುಖ ತೊಳೆದ ಮೇಲೆ ಎಲ್ಲವೂ ಮೊದಲಿನಂತೆಯೇ ಇತ್ತು. ದಿನವೂ ಹಚ್ಚಿದರೆ ಚರ್ಮ ನಿಜವಾಗಿ ಬಿಗಿಯಾಗುತ್ತದೆಯೇ? ಅಥವಾ ಎಳೆದೆಳೆದು ಇನ್ನಷ್ಟು ಜೋಲುತ್ತದೆಯೇ?

ಉತ್ತರ: ಎರಡೂ ಆಗುವುದಿಲ್ಲ. ಅಂದು ಬಿಗಿಯಾದದ್ದು ನಿಮ್ಮ ಚರ್ಮದ ಮೇಲೆ ಕುಳಿತ ಪೊರೆ.

ಇಂಥ ಸೀರಮ್‌ಗಳಲ್ಲಿ ಸಿಲಿಕೇಟ್ ಲವಣಗಳೋ, ಪೊರೆ ಕಟ್ಟುವ ಪಾಲಿಮರ್‌ಗಳೋ ನೀರಿನಲ್ಲಿ ಕರಗಿರುತ್ತವೆ. ನೀರು ಆರಿದಂತೆ ಉಳಿದ ಪೊರೆ ಕುಗ್ಗಲು ನೋಡುತ್ತದೆ. ಆದರೆ ಅದು ಚರ್ಮಕ್ಕೆ ಅಂಟಿಕೊಂಡಿದೆ, ತಾನೊಂದೇ ಕುಗ್ಗುವಂತಿಲ್ಲ. ಹಾಗಾಗಿ ತನ್ನ ಕೆಳಗಿನ ಹೊರಪದರವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಮುಖದ ಮೇಲಿನ ಈ ಹೊರಪದರ, ಅಂದರೆ ಸತ್ತ ಜೀವಕೋಶಗಳ ಪದರ, ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು ತೆಳು. ಮೇಲಿನ ಪೊರೆ ಅದಕ್ಕಿಂತ ಗಡುಸಾದ್ದರಿಂದ ಸಣ್ಣ ಗೆರೆಗಳು ಮಡಚಿಕೊಳ್ಳಲು ಬಿಡುವುದಿಲ್ಲ. ಕಣ್ಣಿನ ಕೆಳಗಿನ ಚರ್ಮ ಮುಖದಲ್ಲೇ ಅತಿ ತೆಳುವಾದ್ದರಿಂದ ಪರಿಣಾಮ ಅಲ್ಲಿ ಎದ್ದು ಕಾಣುತ್ತದೆ. ಮೊಟ್ಟೆಯ ಬಿಳಿಯನ್ನು ಮುಖಕ್ಕೆ ಹಚ್ಚಿಕೊಳ್ಳುವ ಹಳೆಯ ರೂಢಿ ಕೆಲಸ ಮಾಡುವುದೂ ಹೀಗೆಯೇ. ಅಲ್ಲಿ ಪೊರೆ ಕಟ್ಟುವುದು ಪ್ರೋಟೀನು.

ಬಿಳಿ ಹುಡಿಗೂ ಕಾರಣ ಇದೇ ಗಡಸುತನ. ನಕ್ಕಾಗ ಕಣ್ಣಂಚಿನ ಚರ್ಮ ಮಡಚಿ ಬಿಚ್ಚಿಕೊಳ್ಳುತ್ತದೆ, ಒಣಗಿದ ಪೊರೆಗೆ ಅಷ್ಟು ಬಳುಕು ಇರುವುದಿಲ್ಲ. ಬಿರುಕು ಬಿಟ್ಟು ಅಂಚಿನಿಂದ ಏಳುತ್ತದೆ. ದಪ್ಪಗೆ ಹಚ್ಚಿದಷ್ಟೂ, ಮೇಲೆ ಪೌಡರ್ ಬಳಿದಷ್ಟೂ ಬೇಗ ಏಳುತ್ತದೆ. ಮುಂದೊಮ್ಮೆ ಬಳಸುವುದಾದರೆ ತೀರಾ ತೆಳುವಾಗಿ ಹಚ್ಚಿ, ಆರುವವರೆಗೆ ನಗದೆ, ಮಾತಾಡದೆ ಇರಿ. ನಮ್ಮ ಜುಲೈ ಮಳೆಯಲ್ಲಿ ಇದೇ ಸೀರಮ್‌ನಿಂದ ಇಷ್ಟು ಫಲ ಸಿಗುವುದು ಕಷ್ಟ. ಇಂಥ ಎಷ್ಟೋ ಪೊರೆಗಳು ಗಾಳಿಯ ತೇವ ಹೀರಿ ಮೆತ್ತಗಾಗಿ ಬಿಗಿತ ಕಳೆದುಕೊಳ್ಳುತ್ತವೆ.

ಗಂಜಿ ಹಾಕಿದ ಹತ್ತಿ ಸೀರೆ ಸೆಟೆದು ನಿಂತರೂ ನೂಲು ಗಟ್ಟಿಯಾಗಿರುವುದಿಲ್ಲವಲ್ಲ, ಇದೂ ಹಾಗೆಯೇ. ಚರ್ಮದ ನೂಲು ಇರುವುದು ಒಳಪದರದಲ್ಲಿ. ನೀರಿನಂಶ ಬಿಟ್ಟರೆ ಆ ಪದರದ ಬಹುಪಾಲು ಕೊಲ್ಯಾಜನ್ ಎಳೆಗಳು. ಎಳೆದು ಬಿಟ್ಟಾಗ ಹಿಂದಕ್ಕೆ ತರುವ ಎಲಾಸ್ಟಿನ್ ಕೆಲವೇ ಶೇಕಡಾ. ಕೊಲ್ಯಾಜನ್ ಎಳೆಗಳು ಸುರುಳಿ ಸುರುಳಿಯಾಗಿರುವುದರಿಂದ ಚರ್ಮ ಮೊದಲು ಸಲೀಸಾಗಿ ಹಿಗ್ಗಿ, ಅವು ನೇರವಾದ ಮೇಲೆ ಒಮ್ಮೆಲೇ ಬಿಗಿಯುತ್ತದೆ. ವಯಸ್ಸು ಮತ್ತು ಬಿಸಿಲು ಹಾಳುಮಾಡುವುದು ಈ ಎಳೆಗಳನ್ನು. ಹೊರಪದರದ ಮೇಲಿನ ಪೊರೆಯ ಎಳೆತ ಅಲ್ಲಿಗೆ ಮುಟ್ಟಿ ಅವನ್ನು ಸರಿಪಡಿಸಲಾರದು, ಜೋಲಿಸಲೂ ಆರದು.

‘ಕೊಲ್ಯಾಜನ್ ಕ್ರೀಮ್’ ಎಂಬ ಹೆಸರಿಗೂ ಮರುಳಾಗಬೇಡಿ. ಚರ್ಮವನ್ನು ದಾಟಿ ಒಳಹೋಗಬಲ್ಲ ಅಣುಗಳ ತೂಕ ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ (ಅಣುಗಳ ತೂಕದ ಅಳತೆ) ಕಡಿಮೆ. ಕೊಲ್ಯಾಜನ್ ಅಣುವಿನದು ಸುಮಾರು 3 ಲಕ್ಷ.

ಇನ್ನೊಂದು ಮಾತು ಹೇಳಲೇಬೇಕು. ಜನವರಿಯ ಒಣ ಗಾಳಿಯಲ್ಲಿ ಸೋಪಿನಿಂದ ಮುಖ ತೊಳೆದಾಗಲೂ ಚರ್ಮ ಬಿಗಿದಂತಾಗುತ್ತದೆ. ಹಲವರು ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿದಿದ್ದಾರೆ. ಆಗ ನಡೆಯುತ್ತಿರುವುದು ಹೊರಪದರದ ಜಿಡ್ಡು ಹೋಗಿ, ನೀರು ಆರಿ, ಆ ಪದರವೇ ಕುಗ್ಗುವುದು. ಕೆಳಗಿನ ನರಗಳು ಆ ಎಳೆತವನ್ನು ಬಿಗಿತವೆಂದು ಗುರುತಿಸುತ್ತವೆ. ಅಂಥ ಚರ್ಮದ ಮೇಲೆ ಸೀರಮ್ ಬಿದ್ದರೆ ಎರಡು ಎಳೆತಗಳು ಸೇರಿ ತುರಿಕೆ, ಉರಿ ಶುರುವಾಗಬಹುದು. ಚಳಿಗಾಲದಲ್ಲಿ ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಹಚ್ಚಿ ಹೊರಪದರವನ್ನು ಮೆತ್ತಗಿಡಿ.

ಒಳಪದರ ಉಳಿಸಿಕೊಳ್ಳಲು ಹಣ ಖರ್ಚು ಮಾಡುವುದಿದ್ದರೆ ಮೊದಲು ಸನ್‌ಸ್ಕ್ರೀನ್‌ಗೆ ಮಾಡಿ. ತೋಟದಲ್ಲಿ ಮರದ ನೆರಳಿರುತ್ತದೆ, ಸರಿ. ಆದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಒಣಗಿಸುವ ಕಣದಲ್ಲಿ ನಿಂತು ಹಣ್ಣು ಕೆದಕುವಾಗ ತಲೆಯ ಮೇಲೆ ಬರೀ ಬಿಸಿಲು. ಸಾವಿರ ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣಗಳು ಸುಮಾರು ಶೇ 10ರಷ್ಟು ಹೆಚ್ಚುತ್ತವೆ. ನಮ್ಮ ಮಡಿಕೇರಿ ಅದಕ್ಕಿಂತ ಎತ್ತರದಲ್ಲಿದೆ. ತಂಪು ಗಾಳಿಯಿಂದ ಬಿಸಿಲು ತಾಗಿದ್ದೇ ಗೊತ್ತಾಗುವುದಿಲ್ಲ. ಎಸ್‌ಪಿಎಫ್ (ಬಿಸಿಲಿನಿಂದ ಕಾಪಾಡುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿರುವ ಸನ್‌ಸ್ಕ್ರೀನ್ ಹಚ್ಚಿ, ಅಗಲ ಅಂಚಿನ ಟೋಪಿ ಹಾಕಿ. ಕೊಲ್ಯಾಜನ್ ಹೆಚ್ಚಿಸುತ್ತದೆ ಎನ್ನಲು ಆಧಾರವಿರುವ ಔಷಧ ಟ್ರೆಟಿನಾಯಿನ್. ವೈದ್ಯರ ಚೀಟಿಯ ಮೇಲೆ ರಾತ್ರಿ ಬಟಾಣಿ ಕಾಳಿನಷ್ಟು ಹಚ್ಚಬೇಕು, ಫಲಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಗರ್ಭಿಣಿಯರು ಮುಟ್ಟಬಾರದು.

ಅಂಗಡಿಯವರು ಕೊಟ್ಟ ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಮುಖಕ್ಕೆ ನೀವಾಗಿಯೇ ಹಚ್ಚಬೇಡಿ. ಅವು ಸ್ಟೀರಾಯ್ಡ್‌ಗಳು. ಕೆಲವು ದಿನ ಮುಖ ಹೊಳೆಯುತ್ತದೆ. ಮುಂದುವರಿಸಿದರೆ ಒಳಪದರವೇ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಸೀರಮ್‌ನಿಂದ ಆಗದ ಹಾನಿ ನಿಜವಾಗಿ ಆಗುವುದು ಇವುಗಳಿಂದ.

ನಿಮ್ಮ ಕಣ್ಣಿನ ಕೆಳಗಿನ ಉಬ್ಬು ವಯಸ್ಸಿನದ್ದೇ ಇರಬಹುದು. ಆದರೆ ಬೆಳಗ್ಗೆ ಎದ್ದಾಗ ಅದು ಹೆಚ್ಚಾಗಿದ್ದು, ಪಾದಗಳೂ ಊದುತ್ತಿದ್ದರೆ ಸೀರಮ್ ಬದಿಗಿಟ್ಟು ವೈದ್ಯರಲ್ಲಿ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ.