ಮನೋವೈದ್ಯರನ್ನು ಕೇಳಿ: ಬೈಪೋಲಾರ್ ಕಾಯಿಲೆ, ನಿದ್ರೆ ಮತ್ತು ಮಾತ್ರೆ

ಪ್ರಶ್ನೆ: ನನ್ನ ಪತಿಗೆ 38 ವರ್ಷ. ಎರಡು ವರ್ಷಗಳ ಹಿಂದೆ ಅವರು ರಾತ್ರಿಯಿಡೀ ಎಚ್ಚರವಿರತೊಡಗಿದರು. ಕೆಲಸ ಬಿಟ್ಟು ಸ್ವಂತ ಕಂಪನಿ ತೆರೆಯುತ್ತೇನೆಂದು ಉಳಿತಾಯದ ಹಣವನ್ನು ಯಾರಿಗೋ ಮುಂಗಡ ಕೊಟ್ಟು ಬಂದರು. ಆಸ್ಪತ್ರೆಗೆ ಸೇರಿಸಿದಾಗ ಬೈಪೋಲಾರ್ ಎಂದು ಗೊತ್ತಾಗಿ ಲಿಥಿಯಂ ಮಾತ್ರೆ ಆರಂಭಿಸಿದರು. ಈಗ ಒಂದೂವರೆ ವರ್ಷದಿಂದ ಆರಾಮವಾಗಿದ್ದಾರೆ. ‘ವಾಸಿಯಾಗಿದೆಯಲ್ಲ, ಇನ್ನು ಮಾತ್ರೆ ಯಾಕೆ?’ ಎನ್ನುತ್ತಾರೆ. ಮುಂದಿನ ತಿಂಗಳಿಂದ ಕಚೇರಿಯಲ್ಲಿ ರಾತ್ರಿ ಪಾಳಿ ಬೇರೆ. ಅವರು ಸ್ವಲ್ಪ ಜೋರಾಗಿ ನಕ್ಕರೂ ನನಗೆ ಎದೆ ಹೊಡೆದುಕೊಳ್ಳುತ್ತದೆ. ಕೇಳಿದರೆ ಜಗಳವಾಗುತ್ತದೆ. (ಹೆಸರು ಬೇಡ, ರಾಜಾಜಿನಗರ)

ಉತ್ತರ: ನಿಮ್ಮ ಪತ್ರದಲ್ಲಿ ಮಾತ್ರೆಯ ವಿಷಯ ಮೊದಲು ಬಂದಿದೆ, ರಾತ್ರಿ ಪಾಳಿಯ ವಿಷಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಬಂದಿದೆ. ನನಗೆ ಹೆಚ್ಚು ಆತಂಕ ತಂದದ್ದು ಆ ಒಂದು ಸಾಲು.

ಬೈಪೋಲಾರ್ ಕಾಯಿಲೆ ಇರುವವರಲ್ಲಿ ನಿದ್ರೆಗೆಡುವುದು ಉನ್ಮಾದದ, ಅಂದರೆ ಹುರುಪು ಅತಿಯಾಗಿ ಹತೋಟಿ ತಪ್ಪುವ ಸ್ಥಿತಿಯ, ಲಕ್ಷಣವೂ ಹೌದು, ಅದರ ಕಾರಣವೂ ಹೌದು. ಒಂದೆರಡು ರಾತ್ರಿ ನಿದ್ರೆ ತಪ್ಪಿದರೆ ಮನಸ್ಸು ಉದ್ರೇಕಗೊಳ್ಳುತ್ತದೆ, ಉದ್ರೇಕಗೊಂಡ ಮನಸ್ಸಿಗೆ ಮೂರನೆಯ ರಾತ್ರಿ ನಿದ್ರೆ ಬೇಕೆಂದೇ ಅನ್ನಿಸುವುದಿಲ್ಲ. ವಾರಕ್ಕೊಮ್ಮೆ ಬದಲಾಗುವ ಪಾಳಿ, ಬೆಳಗಿನ ಜಾವ ಕ್ಯಾಬಿನಲ್ಲಿ ಮನೆಗೆ ಬಂದು ಹಗಲು ಬೆಳಕಿನಲ್ಲಿ ಅರೆಬರೆ ಮಲಗುವುದು, ಇವು ದೇಹದ ಗಡಿಯಾರವನ್ನೇ ಕೆಡಿಸುತ್ತವೆ. ಆದ್ದರಿಂದ ಪಾಳಿ ಆರಂಭವಾಗುವ ಮುನ್ನವೇ ಅವರ ಮನೋವೈದ್ಯರನ್ನು ಕಂಡು, ಆರೋಗ್ಯದ ಕಾರಣದಿಂದ ಇವರಿಗೆ ಹಗಲು ಪಾಳಿಯನ್ನೇ ಕೊಡಬೇಕೆಂದು ಒಂದು ಪತ್ರ ಬರೆಸಿಕೊಂಡು ಕಚೇರಿಗೆ ಕೊಡಲಿ. ಆ ಪತ್ರದಲ್ಲಿ ಕಾಯಿಲೆಯ ಹೆಸರು ಇರಲೇಬೇಕೆಂದಿಲ್ಲ. ಕಚೇರಿ ಒಪ್ಪದಿದ್ದರೆ ಬೇರೆ ಕೆಲಸ ಹುಡುಕುವುದನ್ನೂ ಯೋಚಿಸಬೇಕು. ಬೆಂಗಳೂರಿನಲ್ಲಿ ಇದು ಸುಲಭದ ಸಲಹೆಯಲ್ಲವೆಂದು ಬಲ್ಲೆ, ಆದರೂ ಇನ್ನೊಮ್ಮೆ ಆಸ್ಪತ್ರೆಗೆ ಸೇರಿ ಚೇತರಿಸಿಕೊಳ್ಳುವಷ್ಟರಲ್ಲಿ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಇದೇ ಕಾರಣಕ್ಕೆ ಶಿವರಾತ್ರಿಯಂದು ಅವರು ಪೂಜೆ ಮುಗಿಸಿ ಮಲಗಲಿ, ಜಾಗರಣೆಯನ್ನು ಮನೆಯ ಉಳಿದವರು ಮಾಡಲಿ. ನೆಂಟರ ಮದುವೆಗೆ ಹಿಂದಿನ ರಾತ್ರಿಯೇ ಛತ್ರಕ್ಕೆ ಹೋಗಿ ಹರಟುತ್ತ ಕೂರುವುದೂ ಬೇಡ.

ಇನ್ನು ಅವರ ಪ್ರಶ್ನೆ. ವಾಸಿಯಾದ ಮೇಲೆ ಮಾತ್ರೆ ಯಾಕೆ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಈ ಕಾಯಿಲೆ ಉನ್ಮಾದ ಮತ್ತು ಖಿನ್ನತೆಗಳ ಸರದಿಯಾಗಿ ಬರುತ್ತದೆ, ನಡುವಿನ ಅವಧಿಯಲ್ಲಿ ಹೆಚ್ಚಿನವರು ಎಂದಿನಂತೆಯೇ ಇರುತ್ತಾರೆ. ಲಿಥಿಯಂ ಮುಖ್ಯವಾಗಿ ಮಾಡುವುದು ಮುಂದಿನ ಸರದಿಯನ್ನು ತಡೆಯುವ ಕೆಲಸ, ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದ ಕೆಲವೇ ತಿಂಗಳಲ್ಲಿ ಮರಳುವ ಸಂಭವ ಹೆಚ್ಚು. ಎಂದಾದರೂ ನಿಲ್ಲಿಸುವುದೇ ಆದರೆ ವೈದ್ಯರ ಕಣ್ಣೆದುರು, ವಾರಗಳಿಂದ ತಿಂಗಳುಗಳವರೆಗೆ ನಿಧಾನವಾಗಿ ಇಳಿಸಬೇಕು. ಇಷ್ಟು ಹೇಳಿದ ಮೇಲೂ ಅವರು ಬೇಡವೆಂದರೆ, ಮಾತ್ರೆಯಿಂದ ಏನು ತೊಂದರೆಯಾಗುತ್ತಿದೆ ಎಂದು ಸಮಾಧಾನದಿಂದ ಕೇಳಿ. ಬಹಳ ಮಂದಿಗೆ ಕೈನಡುಕ, ಬಾಯಾರಿಕೆ, ತೂಕ ಹೆಚ್ಚುವುದು ಇವು ಬೇಸರ ತಂದಿರುತ್ತವೆ, ಡೋಸ್ ಬದಲಿಸಿ ಅವನ್ನು ಕಡಿಮೆ ಮಾಡಬಹುದು. ಕೆಲವರಿಗೆ ಉನ್ಮಾದದ ದಿನಗಳ ಆ ಹುರುಪು ಮತ್ತೆ ಬೇಕೆನ್ನಿಸುತ್ತಿರುತ್ತದೆ. ಅದನ್ನು ಹೆಂಡತಿಯ ಮುಂದೆ ಹೇಳಲು ಸಂಕೋಚವಾಗಬಹುದು, ವೈದ್ಯರ ಮುಂದೆ ಹೇಳಲಿ.

ನೀವು ಅವರ ನಗುವನ್ನು ಅಳೆಯುವುದನ್ನು ಬಿಡಬೇಕು. ನಗು, ಸಿಟ್ಟು, ಉತ್ಸಾಹ ಇವು ಎಲ್ಲರಿಗೂ ಇರುವವೇ. ಪ್ರತಿಯೊಂದನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದರೆ ಯಾರಿಗಾದರೂ ರೇಗುತ್ತದೆ. ಬದಲಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲೇ, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದೆನೆಂದು ಅವರೇ ದಿನವೂ ಬೆಳಗ್ಗೆ ಒಂದು ಅಂಕಿ ಬರೆಯಲಿ. ಏಳು, ಏಳೂವರೆ, ಏಳು ಎಂದು ಸಾಗುತ್ತಿದ್ದದ್ದು ಐದು, ನಾಲ್ಕು ಎಂದು ಇಳಿದರೆ ಅದು ಇಬ್ಬರಿಗೂ ಕಾಣುತ್ತದೆ, ವಾದ ಬೇಕಿಲ್ಲ. ಒಂದು ವ್ಯತ್ಯಾಸ ಗಮನಿಸಿ: ನಿದ್ರೆ ಬಾರದೆ ಹೊರಳಾಡಿ ಮರುದಿನ ತೂಕಡಿಸುವುದು ಸಾಮಾನ್ಯ ನಿದ್ರಾಹೀನತೆ, ಮೂರು ಗಂಟೆ ಮಲಗಿ ಎದ್ದು ದಣಿವೇ ಇಲ್ಲದೆ ಓಡಾಡುವುದು ಉನ್ಮಾದದ ಮುನ್ಸೂಚನೆ. ಹೀಗೆ ಎರಡು ರಾತ್ರಿ ಆದರೆ ಅಂದೇ ವೈದ್ಯರಿಗೆ ಫೋನ್ ಮಾಡುವುದು, ದೊಡ್ಡ ಖರ್ಚನ್ನು ಮುಂದೂಡುವುದು, ಬ್ಯಾಂಕ್ ಕಾರ್ಡನ್ನು ನಿಮ್ಮ ಕೈಗೆ ಕೊಡುವುದು, ಇವನ್ನು ಅವರು ಆರಾಮವಾಗಿರುವ ಈಗಲೇ ಇಬ್ಬರೂ ಕೂತು ಒಪ್ಪಿಕೊಂಡು ಬರೆದಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತನಗೆ ಕಾಯಿಲೆ ಉಲ್ಬಣಿಸಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಲಿಖಿತ ನಿರ್ದೇಶನ ಕೊಡಲು ಮತ್ತು ತನ್ನ ಪರವಾಗಿ ಒಬ್ಬರನ್ನು ಪ್ರತಿನಿಧಿಯಾಗಿ ಹೆಸರಿಸಲು ಅವರಿಗೆ ಹಕ್ಕಿದೆ.

ಖಿನ್ನತೆಯ ಸರದಿ ಬಂದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಖಿನ್ನತೆಯ ಮಾತ್ರೆ ಬರೆಸಿಕೊಳ್ಳಬೇಡಿ, ಅದೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಉನ್ಮಾದಕ್ಕೆ ಜಿಗಿಯುತ್ತದೆ. ಸಾಯುವ ಮಾತು ಬಾಯಿಗೆ ಬಂದರೆ ಒಬ್ಬರನ್ನೇ ಬಿಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನಮ್ಮ ತಾಯಿಗೆ 64 ವರ್ಷ, ಬಹಳ ಕಾಲದಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದಾರೆ. ಏಕಾದಶಿಯಂದು ನೀರೂ ಕುಡಿಯುವುದಿಲ್ಲ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಿಸಿ ನುಂಗುತ್ತಾರೆ. ಬಿಪಿ ಇದೆಯೆಂದು ಈಗ ಉಪ್ಪನ್ನೂ ಬಿಟ್ಟಿದ್ದಾರೆ. ಕಳೆದ ವಾರದಿಂದ ಕೈ ಹೆಚ್ಚು ನಡುಗುತ್ತಿದೆ, ಕಾಫಿ ಲೋಟ ಹಿಡಿದರೆ ಚೆಲ್ಲುತ್ತದೆ. (ಓದುಗ, ಮಲ್ಲೇಶ್ವರ)

ಉತ್ತರ: ಇದನ್ನು ಓದಿದ ದಿನವೇ ತಾಯಿಯವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ವಾಂತಿ, ಭೇದಿ, ಮಾತು ತೊದಲುವುದು, ನಡೆಯುವಾಗ ತೂರಾಡುವುದು ಇವುಗಳಲ್ಲಿ ಒಂದಾದರೂ ಇದ್ದರೆ ನೇರ ತುರ್ತು ವಿಭಾಗಕ್ಕೆ ಹೋಗಿ, ಲಿಥಿಯಂ ಬಗ್ಗೆ ಬಾಗಿಲಲ್ಲೇ ಹೇಳಿ.

ಲಿಥಿಯಂ ಕೂಡ ಒಂದು ಲವಣ, ಅದನ್ನು ಹೊರಹಾಕುವುದು ಮೂತ್ರಪಿಂಡ. ದೇಹದಲ್ಲಿ ನೀರೋ ಉಪ್ಪೋ ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳೂ ಕೆಲವು ಬಿಪಿ ಮಾತ್ರೆಗಳೂ ಇದನ್ನೇ ಮಾಡುತ್ತವೆ. ನಿಮ್ಮ ಮನೆಯಲ್ಲಿ ಎಲ್ಲವೂ ಒಟ್ಟಿಗೆ ಸೇರಿವೆ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆಯೇ ಎಂದು ಕೇಳಿ. ಅಡುಗೆಯ ಉಪ್ಪು ದಿನವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿರಲಿ, ಬಿಪಿಗಾಗಿ ತಗ್ಗಿಸುವುದಾದರೆ ಬಿಪಿ ನೋಡುವ ವೈದ್ಯರಿಗೂ ಮನೋವೈದ್ಯರಿಗೂ ತಿಳಿಸಿ ತಗ್ಗಿಸಿ. ನಿರ್ಜಲ ಉಪವಾಸ ಇನ್ನು ಬೇಡವೇ ಬೇಡ. ಔಷಧ ತೆಗೆದುಕೊಳ್ಳುವ ಹಿರಿಯರಿಗೆ ಅದರಿಂದ ವಿನಾಯಿತಿ ಕೊಡದ ಮಠವನ್ನು ನಾನಂತೂ ಕಂಡಿಲ್ಲ.

ಲಿಥಿಯಂ ಪರೀಕ್ಷೆಯ ರಕ್ತವನ್ನು ಕೊನೆಯ ಮಾತ್ರೆ ನುಂಗಿದ 12 ಗಂಟೆಗಳ ನಂತರ ಕೊಡಬೇಕು. ರಾತ್ರಿ ಒಂಬತ್ತಕ್ಕೆ ಮಾತ್ರೆಯಾದರೆ ಬೆಳಗ್ಗೆ ಒಂಬತ್ತಕ್ಕೆ ರಕ್ತ, ಆ ಹೊತ್ತಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ಸಾಮಾನ್ಯವಾಗಿ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 0.6ರಿಂದ 0.8ರ ಆಸುಪಾಸು ಇರಬೇಕಾದ ಮಟ್ಟ 1.5 ದಾಟಿದರೆ ವಿಷದ ಲಕ್ಷಣಗಳ ಅಪಾಯ ಹೆಚ್ಚುತ್ತದೆ, ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆಯಲ್ಲೂ ಕಾಣಬಹುದು. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಆಗಲಿ.

ಪ್ರಶ್ನೆ: ನನಗೆ 26 ವರ್ಷ. ಬೈಪೋಲಾರ್‌ಗಾಗಿ ಸೋಡಿಯಂ ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದೇನೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಅಮ್ಮ ಹುಡುಗನಿಗೆ ಏನೂ ಹೇಳಬೇಡ ಎನ್ನುತ್ತಾರೆ. (ಓದುಗರು, ವಿಜಯನಗರ)

ಉತ್ತರ: ಇಡೀ ಬಂಧುಬಳಗಕ್ಕೆ ಹೇಳಬೇಕಾಗಿಲ್ಲ, ಹುಡುಗನಿಗೆ ನಿಶ್ಚಿತಾರ್ಥಕ್ಕೆ ಮುಂಚೆ ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಮುಚ್ಚಿಟ್ಟು ಮದುವೆಯಾದ ಹುಡುಗಿಯರು ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಹೊಸ ಮನೆಯಲ್ಲಿ ಅದು ಮೊದಲ ವಾರವೇ ತಪ್ಪಿಹೋಗುತ್ತದೆ. ಅದೇ ವಾರ ನೆಂಟರ ಮನೆಯ ಔತಣ, ಪ್ರಯಾಣ ಎಂದು ನಿದ್ರೆಯೂ ಕೆಟ್ಟಿರುತ್ತದೆ. ಒಪ್ಪುವ ಹುಡುಗನನ್ನು ನಿಮ್ಮ ವೈದ್ಯರ ಬಳಿಗೆ ಒಮ್ಮೆ ಕರೆದುಕೊಂಡು ಹೋಗಿ, ಮಕ್ಕಳಿಗೆ ಬರುತ್ತದೆಯೇ ಎಂಬಂತಹ ಅವನ ಪ್ರಶ್ನೆಗಳಿಗೆ ಅವರೇ ಉತ್ತರಿಸಲಿ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಂಭವ ಇತರರಿಗಿಂತ ಹೆಚ್ಚು ನಿಜ, ಆದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ನೀವು ಕೇಳದ ಇನ್ನೊಂದು ವಿಷಯವನ್ನು ನಾನು ಹೇಳಬೇಕು. ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವಾಗ ಗರ್ಭ ನಿಂತರೆ ಮಗುವಿನ ಬೆನ್ನುಹುರಿಯ ದೋಷ ಮತ್ತು ಬುದ್ಧಿ ಬೆಳವಣಿಗೆಯ ತೊಂದರೆಗಳ ಅಪಾಯವಿದೆ, ಹಾಗಾಗಿ ಮಗು ಪಡೆಯುವ ವಯಸ್ಸಿನವರಿಗೆ ಅದನ್ನು ಆದಷ್ಟೂ ತಪ್ಪಿಸುತ್ತಾರೆ. ಹಾಗೆಂದು ನಾಳೆಯೇ ನಿಲ್ಲಿಸಬೇಡಿ. ಮದುವೆ ಮಾತುಕತೆ ನಡೆದಿದೆಯೆಂದು ವೈದ್ಯರಿಗೆ ಈ ತಿಂಗಳೇ ತಿಳಿಸಿ. ಬೇರೆ ಔಷಧಕ್ಕೆ ಬದಲಿಸಿ, ಅದು ನಿಮಗೆ ಒಗ್ಗುತ್ತದೆಯೇ ಎಂದು ನೋಡಲು ತಿಂಗಳುಗಳೇ ಬೇಕಾಗುತ್ತವೆ, ಅಲ್ಲಿಯವರೆಗೆ ಗರ್ಭನಿರೋಧಕ್ಕೆ ಏನು ಬಳಸಬೇಕೆಂಬುದನ್ನೂ ಅದೇ ಭೇಟಿಯಲ್ಲಿ ಸಂಕೋಚವಿಲ್ಲದೆ ಕೇಳಿ.